ಎಂಟೋ ಹನ್ನೆರಡೋ: ಬ್ಯಾಟರಿಯ ಲೇಬಲ್ ಓದುವ ಬಗೆ

ಸಿಂಧನೂರಿನ ಭತ್ತದ ಗದ್ದೆಗಾಗಲಿ, ಮಸ್ಕಿಯ ಹತ್ತಿ ಹೊಲಕ್ಕಾಗಲಿ, ಲಿಂಗಸುಗೂರಿನ ತೊಗರಿಗಾಗಲಿ ಎಣ್ಣೆ ಹೊಡೆಯಲು ಈಗ ಹೆಚ್ಚಿನವರ ಬೆನ್ನ ಮೇಲಿರುವುದು ಬ್ಯಾಟರಿ ಪಂಪು. ಅಂಗಡಿಗೆ ಹೋದರೆ ಎರಡು ಪಂಪು ಪಕ್ಕಪಕ್ಕ ಕೂತಿರುತ್ತವೆ. ಎರಡಕ್ಕೂ 16 ಲೀಟರ್ ಟ್ಯಾಂಕು, ಒಂದೇ ತರಹದ ನಳಿಗೆ. ಒಂದರ ಡಬ್ಬಿಯ ಮೇಲೆ 12 ವೋಲ್ಟ್ 8 ಎಎಚ್ ಎಂದಿದ್ದರೆ ಇನ್ನೊಂದರ ಮೇಲೆ 12 ವೋಲ್ಟ್ 12 ಎಎಚ್ ಎಂದಿರುತ್ತದೆ. ಎರಡನೆಯದಕ್ಕೆ ಬೆಲೆ ಜಾಸ್ತಿ. "ಇದು ಹನ್ನೆರಡಂದು ಐತ್ರಿ, ದಿನಾ ಪೂರ್ತಿ ಹೊಡೀತೈತಿ" ಎನ್ನುತ್ತಾರೆ ಅಂಗಡಿಯವರು. ಆ ಮಾತು ನಿಜವೋ ಅಲ್ಲವೋ ಎಂದು ಅಂಗಡಿಯಲ್ಲೇ ಬಹಳಷ್ಟು ಮಟ್ಟಿಗೆ ತಿಳಿದುಕೊಳ್ಳಬಹುದು.

ಎಎಚ್ ಎಂದರೆ ಆಂಪಿಯರ್ ಅವರ್. ಎಷ್ಟು ಆಂಪಿಯರ್ ಕರೆಂಟನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬುದರ ಗುಣಲಬ್ಧ. 8 ಎಎಚ್ ಬ್ಯಾಟರಿಯಿಂದ 2 ಆಂಪಿಯರ್ ಎಳೆದರೆ ನಾಲ್ಕು ಗಂಟೆ ಬರಬೇಕು ಎಂದು ಯಾರಾದರೂ ಲೆಕ್ಕ ಹಾಕುತ್ತಾರೆ. ಆದರೆ ಪಂಪು ಮೂರು ಗಂಟೆಗೇ ಸುಸ್ತಾಗುತ್ತದೆ. ಹಾಗೆಂದು ಕಂಪನಿಯವರು ಸುಳ್ಳು ಹೇಳಿದರು ಎನ್ನಲಾಗದು. ಅವರು ಆ 8 ಎಂಬ ಅಂಕಿಯನ್ನು ಪಡೆದದ್ದು 20 ಗಂಟೆಗಳ ನಿಧಾನದ ಪರೀಕ್ಷೆಯಿಂದ. ಬರೀ 0.4 ಆಂಪಿಯರ್‌ನಂತೆ ಎಳೆದು, ವೋಲ್ಟು 10.5ಕ್ಕೆ ಇಳಿಯುವ ತನಕ ಕಾದು ನೋಡಿದರೆ 8 ಬರುತ್ತದೆ. ಅದೇ ಬ್ಯಾಟರಿಯನ್ನು ಮೂರು ಗಂಟೆಯಲ್ಲಿ ಖಾಲಿ ಮಾಡಿದರೆ ಸಿಗುವುದು ಆರರ ಆಸುಪಾಸು. ಒಂದೇ ಗಂಟೆಯಲ್ಲಿ ಹಿಂಡಿದರೆ ಐದೂ ದಾಟುವುದು ಕಷ್ಟ. ಸೀಸದ ಬ್ಯಾಟರಿಯ ಈ ಸ್ವಭಾವವನ್ನು ಜರ್ಮನಿಯ ವಿಲ್ಹೆಲ್ಮ್ ಪ್ಯೂಕರ್ಟ್ 1897ರಲ್ಲೇ ಸೂತ್ರವಾಗಿ ಬರೆದಿಟ್ಟ. ಜೋರಾಗಿ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆ. ಫಲಕದ ಒಳಭಾಗಕ್ಕೆ ಆಸಿಡ್ ಇಳಿದು ಕೆಲಸ ಮಾಡಲು ಸಮಯ ಬೇಕು. ಆ ಸಮಯ ಸಿಗದಿದ್ದರೆ ಒಳಗಿನ ಸರಕು ಒಳಗೇ ಉಳಿದು ವೋಲ್ಟು ಬಿದ್ದುಹೋಗುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಸ್ವಿಚ್ ಒತ್ತಿದರೆ ಪಂಪು ಇನ್ನರ್ಧ ಟ್ಯಾಂಕು ಹೊಡೆಯುವುದು ಈ ಕಾರಣಕ್ಕೇ.

ಇದರಿಂದ ಒಂದು ವಿಚಿತ್ರವೂ ಹುಟ್ಟುತ್ತದೆ. ಅದೇ 2 ಆಂಪಿಯರ್ ಪಂಪಿಗೆ ನಿಜವಾದ 12 ಎಎಚ್ ಬ್ಯಾಟರಿ ಹಾಕಿದರೆ ಸುಮಾರು ಐದು ಗಂಟೆ ಬರುತ್ತದೆ. ಲೇಬಲ್ಲಿನ ಪ್ರಕಾರ ಅದು ಒಂದೂವರೆ ಪಟ್ಟು ಮಾತ್ರ ದೊಡ್ಡದು, ಹೊಲದಲ್ಲಿ ಅದಕ್ಕಿಂತ ಹೆಚ್ಚು ಕೊಡುತ್ತದೆ. ದೊಡ್ಡ ಬ್ಯಾಟರಿಗೆ ಆ 2 ಆಂಪಿಯರ್ ಅಷ್ಟೇನೂ ಹೊರೆಯಲ್ಲ. ಹಾಗಾಗಿ ಹೆಚ್ಚು ಹಣ ಕೊಟ್ಟು ಹನ್ನೆರಡರದ್ದು ಕೊಳ್ಳುವುದು ದಂಡವಲ್ಲ, ಅದು ನಿಜಕ್ಕೂ ಹನ್ನೆರಡರದ್ದೇ ಆಗಿದ್ದರೆ.

ಆಗಿದೆಯೋ ಇಲ್ಲವೋ ನೋಡುವುದಕ್ಕೆ ತಕ್ಕಡಿ ಸಾಕು. ಸೀಸ-ಆಸಿಡ್ ಬ್ಯಾಟರಿ ಕಿಲೋ ತೂಕಕ್ಕೆ 30ರಿಂದ 40 ವ್ಯಾಟ್ ಅವರ್ ಹಿಡಿಯುತ್ತದೆ, ಅದಕ್ಕಿಂತ ಹೆಚ್ಚು ಹಿಡಿಸುವುದು ಯಾವ ಕಂಪನಿಗೂ ಸುಲಭವಲ್ಲ. ವ್ಯಾಟ್ ಅವರ್ ಎಂದರೆ ವೋಲ್ಟನ್ನು ಎಎಚ್‌ನಿಂದ ಗುಣಿಸಿದ್ದು. 12 ವೋಲ್ಟ್ 8 ಎಎಚ್ ಎಂದರೆ 96 ವ್ಯಾಟ್ ಅವರ್; ಅಂಥ ಬ್ಯಾಟರಿ ಎರಡೂವರೆ ಕಿಲೋ ಆಸುಪಾಸು ತೂಗಬೇಕು. 12 ಎಎಚ್ ಎಂದರೆ 144. ಅದು ಮೂರೂವರೆ, ನಾಲ್ಕು ಕಿಲೋ ಇರಬೇಕು. ಹನ್ನೆರಡು ಎಂದು ಬರೆದುಕೊಂಡು ಎರಡೂವರೆ ಕಿಲೋ ತೂಗುತ್ತಿದ್ದರೆ ಅದು ಎಂಟರದ್ದೇ, ಸ್ಟಿಕ್ಕರ್ ಮಾತ್ರ ಬೇರೆ. ಹಳೆ ಬ್ಯಾಟರಿ ಕೊಳ್ಳುವ ಗುಜರಿಯವರು ಲೇಬಲ್ ಓದುವ ಗೋಜಿಗೆ ಹೋಗುವುದಿಲ್ಲ, ನೇರವಾಗಿ ತೂಗುತ್ತಾರೆ. ಹೊಸದನ್ನು ಕೊಳ್ಳುವಾಗಲೂ ಹಾಗೇ ಮಾಡಿದರೆ ತಪ್ಪೇನಿಲ್ಲ. ಪಂಪಿನ ತಳದ ಮುಚ್ಚಳ ಬಿಚ್ಚಿ ಬ್ಯಾಟರಿ ಹೊರಗೆ ತೆಗೆದು ತೂಗಲು ಅಂಗಡಿಯವರು ಒಪ್ಪದಿದ್ದರೆ ಅದರಿಂದಲೂ ಒಂದಿಷ್ಟು ತಿಳಿಯುತ್ತದೆ.

ಈಚೆಗೆ ಇದೇ ಪಂಪುಗಳಿಗೆ ಲಿಥಿಯಂ ಬ್ಯಾಟರಿಯೂ ಬರುತ್ತಿದೆ. ಅದು ಹಗುರ, ಬೇಗ ಚಾರ್ಜ್ ಆಗುತ್ತದೆ, ಜೋರಾಗಿ ಎಳೆದರೂ ಅಷ್ಟಾಗಿ ಸೊರಗುವುದಿಲ್ಲ. ಅಲ್ಲಿ 12 ವೋಲ್ಟ್ ಎಂಬ ಬರಹ ಅಂದಾಜಿನದು. ಮೂರು ಸಾಮಾನ್ಯ ಲಿಥಿಯಂ ಸೆಲ್ ಸಾಲಾಗಿ ಜೋಡಿಸಿದರೆ 11.1 ವೋಲ್ಟ್, ನಾಲ್ಕು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಜೋಡಿಸಿದರೆ 12.8 ವೋಲ್ಟ್. ಎಎಚ್ ಒಂದೇ ಇದ್ದರೂ ಎರಡರ ವ್ಯಾಟ್ ಅವರ್ ಬೇರೆ, ಆಯಸ್ಸೂ ಬೇರೆ: ಮೊದಲನೆಯದು ಐನೂರರಿಂದ ಸಾವಿರ ಸಲ ಚಾರ್ಜಿಗೆ ಬಂದರೆ ಎರಡನೆಯದು ಎರಡು ಸಾವಿರ ದಾಟಬಲ್ಲದು. ಆದ್ದರಿಂದ ಬೇರೆ ಬೇರೆ ಜಾತಿಯ ಬ್ಯಾಟರಿಗಳನ್ನು ಹೋಲಿಸುವಾಗ ಎಎಚ್ ಬಿಟ್ಟು ವ್ಯಾಟ್ ಅವರ್ ಹಿಡಿಯಬೇಕು. ಇನ್ನೊಂದು ಮಾತು: ಸೀಸದ ಬ್ಯಾಟರಿಯ ಚಾರ್ಜರನ್ನು ಲಿಥಿಯಂಗೆ ಚುಚ್ಚುವುದು ಹಣದ ನಷ್ಟದಲ್ಲಿ ಮುಗಿಯುವ ತಪ್ಪಲ್ಲ, ಬೆಂಕಿ ಹತ್ತಬಹುದು.

ಮನೆಯ ಇನ್ವರ್ಟರಿಗೆ ಬಂದರೆ ಮೋಸಕ್ಕಿಂತ ಗೊಂದಲವೇ ಹೆಚ್ಚು. 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಎಂದರೆ ಬಹಳ ದೊಡ್ಡದು ಎಂಬ ಭಾವನೆ ಇದೆ. ಆಸಿಡ್ ಸಮೇತ 50ರಿಂದ 60 ಕಿಲೋ ತೂಗುವ, ಇಬ್ಬರು ಸೇರಿ ಎತ್ತಬೇಕಾದ ವಸ್ತು ನೋಡಿದರೆ ಹಾಗನ್ನಿಸುವುದೂ ಸಹಜ. ಗುಣಿಸಿದರೆ 1800 ವ್ಯಾಟ್ ಅವರ್. ಜೆಸ್ಕಾಂ ಬಿಲ್ಲಿನ ಒಂದು ಯೂನಿಟ್ ಎಂದರೆ 1000 ವ್ಯಾಟ್ ಅವರ್. ಅಂದರೆ ಆ ಭಾರದ ಪೆಟ್ಟಿಗೆಯೊಳಗೆ ಲೇಬಲ್ಲಿನ ಲೆಕ್ಕದಲ್ಲೂ ಎರಡು ಯೂನಿಟ್ ವಿದ್ಯುತ್ ಇಲ್ಲ.

ಮೂರು ಹಳೆಯ ಫ್ಯಾನು ತಲಾ 75 ವ್ಯಾಟ್, ಐದು ಎಲ್‌ಇಡಿ ಬಲ್ಬು ತಲಾ 9, ಒಂದು ಟಿವಿ 50 ಎಂದಿಟ್ಟುಕೊಳ್ಳಿ. ಒಟ್ಟು 320 ವ್ಯಾಟ್. 1800ನ್ನು ಅದರಿಂದ ಭಾಗಿಸಿದರೆ ಐದೂವರೆ ಗಂಟೆ ದಾಟುತ್ತದೆ. ಇನ್ವರ್ಟರ್ ತಾನೇ ಐದರಲ್ಲೊಂದು ಪಾಲನ್ನು ಬಿಸಿಯಾಗಿ ಕಳೆಯುವುದರಿಂದ ಬ್ಯಾಟರಿಯಿಂದ ಹೊರಡಬೇಕಾದದ್ದು 400 ವ್ಯಾಟ್, ಅಂದರೆ 33 ಆಂಪಿಯರ್. ಇಷ್ಟು ಜೋರಾಗಿ ಎಳೆದಾಗ 150ರ ಬದಲು 110 ಎಎಚ್ ಸಿಕ್ಕರೆ ಹೆಚ್ಚು. ಕೊನೆಗೆ ಉಳಿಯುವುದು ಮೂರು ಗಂಟೆ ಮೇಲೆ ಇಪ್ಪತ್ತು ನಿಮಿಷ, ಅದೂ ಬ್ಯಾಟರಿ ಹೊಸದಿದ್ದಾಗ. ಇಲ್ಲಿ ಇನ್ನೂ ದೊಡ್ಡ ಬ್ಯಾಟರಿ ತರುವ ಮೊದಲು ಫ್ಯಾನು ಬದಲಿಸುವುದು ಜಾಣತನ ಎಂದು ನನ್ನ ಅನಿಸಿಕೆ. ತಲಾ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ ಒಟ್ಟು ಹೊರೆ 185ಕ್ಕೆ ಇಳಿಯುತ್ತದೆ. ಕರೆಂಟು ನಿಧಾನವಾಗಿ ಹೊರಡುವುದರಿಂದ ಬ್ಯಾಟರಿಯೂ ಹೆಚ್ಚು ಕೊಡುತ್ತದೆ. ಅದೇ ಬ್ಯಾಟರಿಗೆ ಆರೂವರೆ ಗಂಟೆ ಬರುತ್ತದೆ.

ಇನ್ವರ್ಟರ್ ಬ್ಯಾಟರಿಯ ಮೇಲೆ 150 ಎಎಚ್ ಪಕ್ಕದಲ್ಲಿ ಸಣ್ಣಗೆ ಸಿ20 ಅಥವಾ ಸಿ10 ಎಂದು ಅಚ್ಚಾಗಿರುತ್ತದೆ. ಬಹಳ ಜನ ಅದನ್ನು ಮಾಡೆಲ್ ನಂಬರು ಎಂದುಕೊಳ್ಳುತ್ತಾರೆ. ಅದು ಪರೀಕ್ಷೆಯ ಗಂಟೆ. ಸಿ20 ಎಂದರೆ 20 ಗಂಟೆಯಲ್ಲಿ ಖಾಲಿ ಮಾಡಿ ಅಳೆದದ್ದು, ಸಿ10 ಎಂದರೆ 10 ಗಂಟೆಯಲ್ಲಿ. ಸಿ20ರಲ್ಲಿ 150 ಇರುವ ಬ್ಯಾಟರಿ ಸಿ10ರಲ್ಲಿ ಅಳೆದರೆ 125, 130ಕ್ಕೆ ಇಳಿಯುತ್ತದೆ. ಆದ್ದರಿಂದ ಸಿ10 ಎಂದು ಬರೆದ 150, ಸಿ20 ಎಂದು ಬರೆದ 150ಕ್ಕಿಂತ ದೊಡ್ಡದು, ಬೆಲೆಯೂ ಹೆಚ್ಚು. ಸೋಲಾರ್ ಬ್ಯಾಟರಿಗಳಿಗೆ ಸಾಮಾನ್ಯವಾಗಿ ಸಿ10 ಹಾಕುತ್ತಾರೆ. ಕೆಲವರು ಸಿ100 ಹಾಕಿ ಅಂಕಿಯನ್ನು ಉಬ್ಬಿಸುವುದೂ ಉಂಟು. ಸಿ ಎಂಬುದೇ ಇಲ್ಲದಿದ್ದರೆ ಅತಿ ಅನುಕೂಲವಾದ ಲೆಕ್ಕವನ್ನೇ ಬರೆದಿದ್ದಾರೆ ಎಂದು ತಿಳಿಯುವುದು ಕ್ಷೇಮ.

ವಾರಂಟಿಯ ಅಂಕಿಯೂ ಹೀಗೇ. 36+18 ತಿಂಗಳು ಎಂದಿದ್ದರೆ ಐವತ್ತನಾಲ್ಕು ತಿಂಗಳು ಉಚಿತವಾಗಿ ಬದಲಿಸುತ್ತಾರೆ ಎಂದಲ್ಲ. ಮೊದಲಿನ 36 ತಿಂಗಳು ಬದಲಿ ಬ್ಯಾಟರಿ. ಆಮೇಲಿನ 18 ತಿಂಗಳಲ್ಲಿ ಕೆಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ, ಅಷ್ಟೆ. ಆ ರಿಯಾಯಿತಿ ಶೇಕಡಾ ಎಷ್ಟು, ಅದು ಯಾವ ಬೆಲೆಯ ಮೇಲೆ ಎಂಬುದು ಕಾರ್ಡಿನ ಹಿಂದೆ ಇರುತ್ತದೆ. ಗರಿಷ್ಠ ಮಾರಾಟ ಬೆಲೆಯ ಮೇಲೆ ಲೆಕ್ಕ ಹಾಕಿದರೆ, ಅಂಗಡಿಯಲ್ಲಿ ಚೌಕಾಸಿ ಮಾಡಿ ಸಿಗುವ ಬೆಲೆಗೂ ಅದಕ್ಕೂ ಹೆಚ್ಚು ವ್ಯತ್ಯಾಸವೇ ಉಳಿಯದಿರಬಹುದು. ಎರಡು ಬ್ಯಾಟರಿ ಹೋಲಿಸುವಾಗ ಕೂಡಿಸಿದ ಮೊತ್ತ ಬಿಟ್ಟು ಮೊದಲ ಅಂಕಿಯನ್ನಷ್ಟೇ ನೋಡಿ.

ನಮ್ಮ ಕಡೆಯ ಬಿಸಿಲನ್ನು ಮಾತ್ರ ಯಾವ ಲೇಬಲ್ಲೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ಯಾಟರಿಯ ಸಾಮರ್ಥ್ಯ, ಆಯಸ್ಸು ಎರಡನ್ನೂ ಅಳೆಯುವುದು 25 ಅಥವಾ 27 ಡಿಗ್ರಿಯ ತಂಪಿನಲ್ಲಿ. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಪ್ರತಿವರ್ಷದ ಮಾತು. ತಗಡಿನ ಮಾಳಿಗೆಯ ಕೆಳಗೆ, ಅಡುಗೆಮನೆಯ ಮೂಲೆಯಲ್ಲಿ ಇನ್ನೂ ಹೆಚ್ಚು. ಬಿಸಿಯಲ್ಲಿ ಬ್ಯಾಟರಿ ಆ ಹೊತ್ತಿಗೆ ಸ್ವಲ್ಪ ಹೆಚ್ಚೇ ಕೊಡುತ್ತದೆ, ಹಾಗಾಗಿ ಬಿಸಿಲು ಕೆಡಿಸುತ್ತಿದೆ ಎಂದು ಗೊತ್ತಾಗುವುದಿಲ್ಲ. ಒಳಗೆ ಫಲಕಗಳು ಸವೆಯುತ್ತವೆ, ನೀರು ಆರುತ್ತದೆ. ಸುಮಾರು ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕಸುಬಿನವರ ಹಳೆಯ ಲೆಕ್ಕ. ಐದು ವರ್ಷ ಬಾಳುವುದು ಎಂದು ಹೇಳಿ ಕೊಟ್ಟದ್ದು ಮೂರಕ್ಕೆ ಕೈಕೊಟ್ಟರೆ ಬಹುಪಾಲು ದೂರು ಇಲ್ಲಿಗೇ ಬಂದು ನಿಲ್ಲುತ್ತದೆ. ಬೇಸಿಗೆಯಲ್ಲಿ ಡಿಸ್ಟಿಲ್ಡ್ ನೀರು ನೋಡುವ ಅಂತರ ಕಡಿಮೆ ಮಾಡಿಕೊಳ್ಳಬೇಕು, ಬ್ಯಾಟರಿಯನ್ನು ಗಾಳಿಯಾಡುವ ನೆರಳಿಗೆ ತರಬೇಕು.

ಮೊಬೈಲಿನ ಪವರ್ ಬ್ಯಾಂಕಿಗೆ ಬರೋಣ. 10000 ಎಂಎಎಚ್ (ಅಂದರೆ 10 ಎಎಚ್) ಎಂದು ದೊಡ್ಡ ಅಕ್ಷರದಲ್ಲಿ ಇರುತ್ತದೆ. 5000 ಎಂಎಎಚ್ ಫೋನು ಎರಡು ಸಲ ತುಂಬಬೇಕಲ್ಲ ಎಂದು ಕೊಂಡವರು ಒಂದೂವರೆ ಸಲವೂ ತುಂಬದ್ದು ನೋಡಿ ಮೋಸ ಹೋದೆವು ಎಂದುಕೊಳ್ಳುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಜಲಾಶಯದ ತೂಬಿನಲ್ಲಿ ಅಳೆದ ನೀರು ಬೇರೆ, ಹೊಲಕ್ಕೆ ಬಂದು ಮುಟ್ಟುವ ನೀರು ಬೇರೆ. ಆ 10000 ಎಂಬುದು ಒಳಗಿನ ಸೆಲ್ಲಿನಲ್ಲಿ, 3.7 ವೋಲ್ಟಿನಲ್ಲಿ ಅಳೆದದ್ದು. ಅಂದರೆ 37 ವ್ಯಾಟ್ ಅವರ್. ಯುಎಸ್‌ಬಿ ತೂತಿನಿಂದ ಹೊರಬರುವುದು 5 ವೋಲ್ಟಿನಲ್ಲಿ. ವೋಲ್ಟು ಏರಿಸಿದಾಗ ಎಂಎಎಚ್ 7400ಕ್ಕೆ ಇಳಿಯುತ್ತದೆ, ಏರಿಸುವ ಸರ್ಕ್ಯೂಟು ತನ್ನ ಪಾಲು ನುಂಗಿದ ಮೇಲೆ 6000 ಆಸುಪಾಸು. ಒಳ್ಳೆಯ ಕಂಪನಿಗಳು ಇದನ್ನು ರೇಟೆಡ್ ಕೆಪಾಸಿಟಿ ಎಂದು ಹಿಂಬದಿಯಲ್ಲಿ ಅಚ್ಚು ಹಾಕಿರುತ್ತವೆ. ಫೋನು ತಾನು ಚಾರ್ಜ್ ಆಗುವಾಗ ಬಿಸಿಯಾಗಿ ಕಳೆಯುವುದು ಇದರ ಮೇಲೆ ಬೇರೆ. ಬರೀ ಮುಂದಿನ ಅಂಕಿ ಇದ್ದು ಹಿಂದಿನದು ಇಲ್ಲದ ಪವರ್ ಬ್ಯಾಂಕನ್ನು ಕೊಳ್ಳದಿರುವುದು ಒಳ್ಳೆಯದು. ವಿಮಾನ ಕಂಪನಿಗಳು ಎಂಎಎಚ್ ಕೇಳುವುದೇ ಇಲ್ಲ. ಅನುಮತಿ ಇಲ್ಲದೆ ಒಯ್ಯಲು ಅವರ ಮಿತಿ 100 ವ್ಯಾಟ್ ಅವರ್.

ನಿಜವಾದ ಸುಳ್ಳು ಸಿಗಬೇಕೆಂದರೆ ಹೆಡ್ ಟಾರ್ಚ್ ನೋಡಬೇಕು. ರಾತ್ರಿ ಪಾಳಿಯ ಕರೆಂಟಿಗೆ ಮೋಟರ್ ಹಾಕಲು, ಕಾಲುವೆ ನೀರು ತಿರುಗಿಸಲು ಹೊರಡುವವರ ಹಣೆಗೆ ಕಟ್ಟುವ ಈ ದೀಪದೊಳಗೆ ಇರುವುದು 18650 ಎಂಬ ಲಿಥಿಯಂ ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎಂಬುದಕ್ಕೆ ಆ ಹೆಸರು. ಜಗತ್ತಿನ ಅತ್ಯುತ್ತಮ ಕಾರ್ಖಾನೆಗಳು ಈ ಅಳತೆಯ ಸೆಲ್ಲಿನಲ್ಲಿ ತುಂಬಿಸಿ ಮಾರುವುದು 3500, 3600 ಎಂಎಎಚ್. ಸಾಧಾರಣದ್ದು 2000ದಿಂದ 2600. ಹೀಗಿರುವಾಗ ಸಂತೆಯ ಸೆಲ್ಲಿನ ಮೇಲೆ 9900 ಎಂದು ಅಚ್ಚಾಗಿರುತ್ತದೆ! ಇದಕ್ಕೆ ಯಾವ ಸಿ20, ಯಾವ ಷರತ್ತು ಹಾಕಿದರೂ ಸಮರ್ಥನೆ ಇಲ್ಲ. ಸರಿಯಾದ 18650 ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ಅಕ್ಕಸಾಲಿಗರ ತಕ್ಕಡಿಗೆ ಹಾಕಿದಾಗ 30 ಗ್ರಾಂ ತೋರಿಸಿದರೆ ಒಳಗೆ ಹೆಚ್ಚೇನೂ ಇಲ್ಲ ಎಂದು ತಿಳಿಯಿರಿ. ತೂಕ ಸರಿಯಿದ್ದ ಮಾತ್ರಕ್ಕೆ ಸೆಲ್ ಹೊಸದು ಎಂದೂ ಹೇಳಲಾಗದು, ಹಳೆ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲಿಗೂ ಹೊಸ ಕವಚ ಹಾಕಬಹುದು.

ಟಾರ್ಚಿನ ಡಬ್ಬಿಯ ಮೇಲಿನ ಗಂಟೆಗಳ ಲೆಕ್ಕವೂ ಜಾರುವಂಥದ್ದು. ಟಾರ್ಚ್ ತಯಾರಕರು ಒಪ್ಪಿಕೊಂಡಿರುವ ಅಳತೆಯ ಕ್ರಮದಲ್ಲೇ, ಬೆಳಕು ಹೊತ್ತಿಸಿದಾಗಿನ ಹತ್ತರಲ್ಲೊಂದು ಪಾಲಿಗೆ ಇಳಿಯುವವರೆಗಿನ ಹೊತ್ತನ್ನು ಓಡುವ ಸಮಯ ಎಂದು ಎಣಿಸುತ್ತಾರೆ. ಹತ್ತರಲ್ಲೊಂದು ಪಾಲು ಬೆಳಕಿನಲ್ಲಿ ಬದುವಿನ ಮೇಲಿನ ಹಾವು ಕಾಣುತ್ತದೋ ಇಲ್ಲವೋ ಎಂಬುದು ಅವರ ಚಿಂತೆಯಲ್ಲ. ಗಣಿಯ ಲೋಕದಲ್ಲಿ ಇದನ್ನು ಮೊದಲಿನಿಂದಲೂ ಬೇರೆ ರೀತಿ ಕೇಳುತ್ತ ಬಂದಿದ್ದಾರೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಂಥ ಕಡೆ ಭೂಗರ್ಭಕ್ಕೆ ಇಳಿಯುವವರಿಗೆ ದೀಪ ಪಾಳಿ ಮುಗಿದು ಮೇಲೆ ಬರುವ ತನಕ ಉರಿಯಲೇಬೇಕು, ಅದೂ ಕೆಲಸ ಮಾಡುವಷ್ಟು ಬೆಳಕಿನಲ್ಲಿ. ಥಾಮಸ್ ಎಡಿಸನ್ 1914ರಲ್ಲಿ ಗಣಿ ಕಾರ್ಮಿಕರಿಗೆಂದು ತಂದ, ಸೊಂಟಕ್ಕೆ ಬ್ಯಾಟರಿ ಕಟ್ಟಿಕೊಳ್ಳುವ ಟೋಪಿ ದೀಪಕ್ಕೂ ಲೆಕ್ಕ ಗಂಟೆಯದೇ: ಒಂದು ಚಾರ್ಜಿಗೆ ಹನ್ನೆರಡು ಗಂಟೆ. ಪಂಪು ಕೊಳ್ಳುವಾಗ "ಒಂದ್ ಚಾರ್ಜಿಗೆ ಎಷ್ಟು ಟ್ಯಾಂಕ್ ಹೊಡೀತೈತಿ?" ಎಂದು ಕೇಳುವ ರೈತರು ಕೇಳುತ್ತಿರುವುದೂ ಇದನ್ನೇ. ಎಎಚ್‌ಗಿಂತ ಒಳ್ಳೆಯ ಪ್ರಶ್ನೆ ಅದು. ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ದಿನಾ ಓಡಾಡಲು ಎಲೆಕ್ಟ್ರಿಕ್ ಸ್ಕೂಟರ್ ನೋಡುತ್ತಿರುವವರಿಗೂ ಒಂದು ಮಾತು. ಜಾಹೀರಾತಿನ ಕಿಲೋಮೀಟರ್ ಪ್ರಯೋಗಶಾಲೆಯ ಉರುಳೆಯ ಮೇಲೆ ಬಂದದ್ದು. ಇಬ್ಬರು ಕೂತು, ಎದುರುಗಾಳಿಯಲ್ಲಿ, ಹೆದ್ದಾರಿಯ ವೇಗದಲ್ಲಿ ಬಂದದ್ದಲ್ಲ. ಬ್ಯಾಟರಿಯ ಕಿಲೋವ್ಯಾಟ್ ಅವರ್ ಎಷ್ಟು, ಅದರಲ್ಲಿ ಬಳಸಲು ಸಿಗುವುದು ಎಷ್ಟು ಎಂದು ಕೇಳಿ. ಕಿಲೋಮೀಟರಿಗೆ 30ರಿಂದ 35 ವ್ಯಾಟ್ ಅವರ್ ಖರ್ಚು ಎಂದು ಭಾಗಿಸಿ ಬಂದದ್ದನ್ನು ನಂಬಿದರೆ ನಡುದಾರಿಯಲ್ಲಿ ತಳ್ಳುವ ಪಾಡು ಬರಲಾರದು.

ಲಿಥಿಯಂ ಸೆಲ್, ಪವರ್ ಬ್ಯಾಂಕುಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು, ಅದರ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ಎಂಟಂಕಿಯ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರದ್ದು, ಯಾವ ವಸ್ತುವಿಗೆ ಕೊಟ್ಟದ್ದು ಎಂದು ತೋರಿಸುತ್ತದೆ. ಆದರೆ ಆ ನೋಂದಣಿ ಸುರಕ್ಷತೆಗೆ ಸಂಬಂಧಿಸಿದ್ದು, ಎಂಎಎಚ್ ನಿಜ ಎಂಬುದಕ್ಕೆ ಅದು ಜಾಮೀನಲ್ಲ. ಲೇಬಲ್ಲಿನ ಅಂಕಿಗೂ ವಸ್ತುವಿಗೂ ತಾಳೆಯಾಗದಿದ್ದರೆ ಬಿಲ್ಲು ಹಿಡಿದುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಸಂಖ್ಯೆ 1915. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನ ಪತ್ತೆಯಾದ ವರ್ಷವೂ ಅದೇ ಆದ್ದರಿಂದ ಈ ಕಡೆಯವರು ಮರೆಯಲಾರರು.

ಅಷ್ಟು ದೂರ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ಕೈಯಲ್ಲಿ ಅಂಕಿ ಇಟ್ಟುಕೊಳ್ಳುವುದು ಲೇಸು. ಪಂಪಿನ ಸೀಸದ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ತೆಗೆದು ಕೆಲವು ಗಂಟೆ ಬಿಡಿ. ಮಲ್ಟಿಮೀಟರಿನಲ್ಲಿ 12.7ಕ್ಕಿಂತ ಮೇಲಿದ್ದರೆ ಸರಿ. ಕಾರಿನ ಬ್ರೇಕ್ ಲೈಟಿಗೆ ಹಾಕುವ 12 ವೋಲ್ಟ್ 21 ವ್ಯಾಟ್ ಬಲ್ಬು ಅದಕ್ಕೆ ಜೋಡಿಸಿ ಗಡಿಯಾರ ನೋಡಿ. ಬಲ್ಬು ಸುಮಾರು 1.75 ಆಂಪಿಯರ್ ಎಳೆಯುತ್ತದೆ, ಮುಟ್ಟಿದರೆ ಸುಡುತ್ತದೆ, ಮಕ್ಕಳನ್ನು ದೂರ ಇಡಿ. ಮೀಟರ್ 10.5 ತೋರಿಸಿದ ಕೂಡಲೇ ಬಲ್ಬು ಬಿಡಿಸಿ. ಅದಕ್ಕಿಂತ ಕೆಳಗೆ ಇಳಿಸಿದರೆ ಬ್ಯಾಟರಿಗೇ ಏಟು. ಒಳ್ಳೆಯ 8 ಎಎಚ್ ಬ್ಯಾಟರಿ ಮೂರೂವರೆ ಗಂಟೆ ಉರಿಸುತ್ತದೆ. ಹೊಸ ಸೀಸದ ಬ್ಯಾಟರಿ ಮೊದಲ ಕೆಲವು ಚಾರ್ಜುಗಳಲ್ಲಿ ಪೂರ್ತಿ ಬಲಕ್ಕೆ ಬಂದಿರುವುದಿಲ್ಲ, ಹಾಗಾಗಿ ಮೂರು ನಾಲ್ಕು ಸಲ ಬಳಸಿದ ಮೇಲೆ ಅಳೆಯಿರಿ. ಎರಡು ಗಂಟೆಗೇ ಮುಗಿದರೆ ಅಂಗಡಿಗೆ ಒಯ್ದು ಮಾತಾಡಲು ಅಷ್ಟು ಸಾಕು.

ಕೊಳ್ಳುವಾಗ ತಯಾರಾದ ತಿಂಗಳನ್ನೂ ನೋಡಿ. ವರ್ಷಗಟ್ಟಲೆ ಗೋದಾಮಿನಲ್ಲಿ ಚಾರ್ಜ್ ಇಲ್ಲದೆ ಕೂತ ಸೀಸದ ಬ್ಯಾಟರಿಯ ಫಲಕಗಳಿಗೆ ಬಿಳಿ ಗಂಧಕದ ಲವಣ ಕಚ್ಚಿಕೊಂಡು ಅರ್ಧ ಸತ್ತಿರುತ್ತದೆ, ಮೇಲಿನ ಸ್ಟಿಕ್ಕರ್ ಮಾತ್ರ ಹೊಳೆಯುತ್ತಿರುತ್ತದೆ. ಅಂಗಡಿಯಲ್ಲೇ ವೋಲ್ಟು 12.4ಕ್ಕಿಂತ ಕೆಳಗಿದ್ದರೆ ಬೇರೆಯದು ಕೇಳಿ. ಹಂಗಾಮು ಮುಗಿದು ಪಂಪನ್ನು ಮೂಲೆಗಿಡುವಾಗ ನಮ್ಮ ಮನೆಗಳಲ್ಲೂ ಇದೇ ಆಗುತ್ತದೆ. ಸೀಸದ್ದಾದರೆ ಪೂರ್ತಿ ಚಾರ್ಜ್ ಮಾಡಿ ಇಟ್ಟು, ಎರಡು ತಿಂಗಳಿಗೊಮ್ಮೆ ಮತ್ತೆ ಚಾರ್ಜಿಗೆ ಹಾಕಬೇಕು. ಲಿಥಿಯಂ ಆದರೆ ಅದಕ್ಕೆ ತಿರುವು ಮುರುವು: ಅರ್ಧ ಚಾರ್ಜಿನಲ್ಲಿ, ತಂಪು ಜಾಗದಲ್ಲಿ ಇಡಬೇಕು, ಪೂರ್ತಿ ತುಂಬಿಸಿ ಬಿಸಿಲ ಕೋಣೆಯಲ್ಲಿ ಬಿಡಬಾರದು. ತೀರಾ ಸತ್ತದ್ದನ್ನು ತಿಪ್ಪೆಗೆ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಸೀಸದ್ದಾದರೆ ಹೊಸದು ಕೊಳ್ಳುವ ಅಂಗಡಿಯಲ್ಲೇ ಅದಕ್ಕೆ ಒಂದಿಷ್ಟು ಹಣ ಮುರಿದುಕೊಳ್ಳುತ್ತಾರೆ.